ಐದನೇ ರೀಲಿನವರು

ನಮ್ಮೂರಿಗೆ ಹೆಣ್ಣು ನೋಡಲು ಬಂದವರು ಕಾಲು ತೊಳೆದು, ಚಾಪೆಯ ಮೇಲೆ ಕೂತು, ಒಂದು ಗುಟುಕು ಚಹಾ ಕುಡಿದ ಮೇಲೆ ಕೇಳುವ ಮೊದಲ ಪ್ರಶ್ನೆ, ನಿಮ್ಮ ಹಿರಿಯರು ಎಷ್ಟನೇ ರೀಲಿನಲ್ಲಿದ್ದಾರೆ ಎಂಬುದು. ಮೂರನೆಯದು ಎಂದರೆ ಮುಖ ಅರಳುತ್ತದೆ. ಆರನೆಯದು ಎಂದರೆ ಇನ್ನೂ ಒಳ್ಳೆಯದು. ಅಲ್ಲಿ ಇಗರ್ಜಿಯ ಅಂಗಳದಲ್ಲಿ ನೆರಳಿದೆ, ಕೂರಲು ಕಟ್ಟೆಯಿದೆ, ಯಾರ ತಂಟೆಯೂ ಇಲ್ಲ. ಐದನೆಯದು ಎಂದುಬಿಟ್ಟರೆ ಬಂದವರು ಚಹಾದ ಬಟ್ಟಲು ಕೆಳಗಿಟ್ಟು, ಬಸ್ಸು ಎಷ್ಟು ಹೊತ್ತಿಗಿದೆ ಎಂದು ವಿಚಾರಿಸುತ್ತಾರೆ.

ನಾನು ಆ ರೀಲುಗಳನ್ನು ಓಡಿಸುವ ಆಪರೇಟರ್. ಹೆಸರು ಮೌನೇಶ. ಮೂವತ್ತೊಂದು ವರ್ಷದಿಂದ ದಿನಕ್ಕೆ ಮೂರು ಆಟ, ಅದೇ ಚಿತ್ರ, ಅದೇ ಏಳು ರೀಲು. ಇಟಲಿಯವರು ತೆಗೆದ ಕೌಬಾಯ್ ಚಿತ್ರವಂತೆ. ಹೆಸರು ಬರೆದ ತುಂಡು ನಾನು ಕೆಲಸಕ್ಕೆ ಸೇರುವ ಮೊದಲೇ ಹರಿದುಹೋಗಿತ್ತು, ಆದ್ದರಿಂದ ಊರಿನವರು ಅದನ್ನು ಕುದುರೆ ಪಿಚ್ಚರ್ ಎಂದೇ ಕರೆಯುತ್ತಾರೆ. ನಮ್ಮೂರಲ್ಲಿ ಸತ್ತವರು ಅದರೊಳಗೆ ಹೋಗುತ್ತಾರೆ. ಮಣ್ಣು ಮಾಡಿದ ಮೂರನೇ ದಿನ ಮನೆಯವರೆಲ್ಲ ಮುಂದಿನ ಸಾಲಿನಲ್ಲಿ ಬಂದು ಕೂತು ಕಣ್ಣಲ್ಲಿ ಕಣ್ಣಿಟ್ಟು ಹುಡುಕುತ್ತಾರೆ. ಯಾರೋ ಒಬ್ಬರು, ‘ಅಗೋ, ಅಲ್ಲಿ, ಸಾರಾಯಿ ಅಂಗಡಿ ಬಾಗಿಲಾಗ!’ ಎಂದು ಕೂಗುತ್ತಾರೆ. ನೋಡಿದರೆ ಅಜ್ಜ ಅಲ್ಲಿ, ಟೋಪಿ ಹಾಕಿದ ಪರದೇಶಿ ಜನರ ನಡುವೆ, ತನ್ನದೇ ಧೋತರ ಉಟ್ಟು, ತಲೆಗೆ ಅದೇ ರುಮಾಲು ಸುತ್ತಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿರುತ್ತಾನೆ. ಎಲ್ಲಿ ನಿಲ್ಲುತ್ತೇವೆ ಎಂಬುದು ಮಾತ್ರ ಯಾರ ಕೈಯಲ್ಲೂ ಇಲ್ಲ. ಪುಣ್ಯವಂತರು ಐದಕ್ಕೆ ಹೋಗಿದ್ದನ್ನೂ ನೋಡಿದ್ದೇನೆ, ಹೆಂಡತಿಗೆ ಹೊಡೆಯುತ್ತಿದ್ದವನೊಬ್ಬ ಆರಕ್ಕೆ ಹೋಗಿ ಕಾಲು ಚಾಚಿ ಕೂತಿದ್ದನ್ನೂ ನೋಡಿದ್ದೇನೆ.

ಐದನೇ ರೀಲಿನಲ್ಲಿ ಉಳ್ಳಾಗಡ್ಡಿ ಬರುತ್ತಾನೆ. ಅವನು ದರೋಡೆಕೋರರ ನಾಯಕ. ಚಿತ್ರದಲ್ಲಿ ಅವನಿಗೆ ಬೇರೆ ಏನೋ ಹೆಸರಿರಬೇಕು. ಗುಂಡು ಹಾರಿಸುವ ಮುನ್ನ ಪ್ರತಿ ಸಲವೂ ಜೇಬಿನಿಂದ ಹಸಿ ಉಳ್ಳಾಗಡ್ಡಿ ತೆಗೆದು ಕಚ್ಚುತ್ತಾನಾದ್ದರಿಂದ ನಮಗೆ ಅವನು ಉಳ್ಳಾಗಡ್ಡಿ. ಅವನ ಕಡೆಯವರು ಕುದುರೆ ಮೇಲೆ ಬೀದಿಗೆ ನುಗ್ಗಿ, ಕಂಡವರನ್ನೆಲ್ಲ ಹೊಡೆದು ಕೆಡವುತ್ತಾರೆ. ಕಂಡವರೆಂದರೆ ಈಗ ನಮ್ಮವರೇ. ಬಿದ್ದವರು ಮುಂದಿನ ಆಟದ ಹೊತ್ತಿಗೆ ಮತ್ತೆ ಎದ್ದು ತಮ್ಮ ಜಾಗದಲ್ಲಿ ನಿಂತಿರುತ್ತಾರೆ, ನಿಜ. ಆದರೆ ಗುಂಡು ತಿಂದವರ ಮುಖ ವರ್ಷದಿಂದ ವರ್ಷಕ್ಕೆ ಮಾಸುತ್ತದೆ. ಮೊದಲು ಬಟ್ಟೆಯ ಬಣ್ಣ ಹೋಗುತ್ತದೆ, ಆಮೇಲೆ ಹುಬ್ಬು, ಆಮೇಲೆ ಮೂಗು ಬಾಯಿ. ಕಡೆಗೆ ಅಲ್ಲಿ ಬಿಳಿ ಮಚ್ಚೆಯೊಂದು ಬಿದ್ದು ಬಿದ್ದು ಏಳುತ್ತಿರುತ್ತದೆ, ಮಕ್ಕಳಿಗೂ ಗುರುತು ಸಿಗುವುದಿಲ್ಲ. ಐದನೇ ರೀಲಿನವರ ಮನೆಯವರು ಹಾಗಾಗಿ ಒಂದು ಆಟವನ್ನೂ ತಪ್ಪಿಸುವುದಿಲ್ಲ. ಇರುವಷ್ಟು ದಿನ ನೋಡಿಬಿಡೋಣ ಎಂಬ ಆತುರ ಅವರಿಗೆ.

ಬೇರೆ ಚಿತ್ರ ತಂದು ನೋಡಿಲ್ಲವೆಂದಲ್ಲ. ಟಾಕೀಸಿನ ಮಾಲೀಕರಾದ ಲಾಲೇಸಾಬರು ಹರೆಯದಲ್ಲಿ ಒಂದು ಪೌರಾಣಿಕ ಚಿತ್ರ ತಂದರು, ಅಣ್ಣತಂಗಿಯರ ಚಿತ್ರವೊಂದನ್ನು ತಂದರು. ಅದರೊಳಗೆ ನಮ್ಮವರು ಒಬ್ಬರೂ ಕಾಣಲಿಲ್ಲ. ಜನ ಎದ್ದು ಹೋದರು. ಇದೇ ಚಿತ್ರದ ಹೊಸ ಪ್ರತಿಯನ್ನೂ ತರಿಸಿದರು. ಅದರಲ್ಲಿ ಬರೀ ಪರದೇಶಿಗಳಿದ್ದರು. ಈ ಸವೆದ, ಕೆಂಪಗೆ ತಿರುಗಿದ, ಗೀರು ಬಿದ್ದ ಪ್ರತಿಯೇ ಯಾಕೆ ಎಂದು ನನಗೆ ಗೊತ್ತಿಲ್ಲ. ನನ್ನ ಹೆಂಡತಿ ಸೂಗಮ್ಮನಿಗೆ ಗೊತ್ತಿತ್ತು. ಅವಳು ಬದುಕಿದ್ದಾಗ ಮ್ಯಾಟಿನಿಗೆ ಬುತ್ತಿ ತಂದವಳು ನನ್ನ ಕೋಣೆಯಲ್ಲೇ ಸ್ಟೂಲಿನ ಮೇಲೆ ಕೂತು, ಕಿಂಡಿಯಿಂದ ನೋಡುತ್ತ, ‘ಇದರೊಳಗ ಯಾರೂ ಚೆಂದಿಲ್ಲ ನೋಡ್ರಿ, ಅದಕ್ಕ ಚೊಲೊ ಅನಸ್ತದ’ ಎನ್ನುತ್ತಿದ್ದಳು. ‘ಬೆವರು ಬರ್ತದ, ನೊಣ ಕುಂದರ್ತಾವ, ಹಲ್ಲು ಹುಳುಕು. ಮಾತೂ ಭಾಳಿಲ್ಲ. ಒಬ್ಬಾಂವ ಸಾಯಬೇಕಂದ್ರ ಎಷ್ಟೊತ್ತು ಅವನ ಮಾರಿ ತೋರಿಸ್ತಾರ ನೋಡ್ರಿ. ನಮ್ಮ ಗಣಿಯಾಗ ಮನಶಾ ಸತ್ರ ಯಾರು ಅಷ್ಟೊತ್ತು ಮಾರಿ ನೋಡ್ತಾರ?’

ಮಾತು ಸುಳ್ಳಲ್ಲ. ನಮ್ಮೂರೆಂದರೆ ನೆಲಕ್ಕೆ ಹಾಸುವ ಫರಸಿಕಲ್ಲಿನ ಗಣಿ, ಲಾರಿ, ಬಿಳಿ ಧೂಳು. ಆ ಚಿತ್ರದ ಬೀದಿಗೂ ನಮ್ಮ ಬೀದಿಗೂ ಹೆಚ್ಚು ವ್ಯತ್ಯಾಸವಿಲ್ಲ. ಅಲ್ಲಿ ಗಾಳಿ ಬೀಸಿದರೆ ಇಲ್ಲಿ ಕುರ್ಚಿಯಲ್ಲಿ ಕೂತವರು ಕಣ್ಣು ಉಜ್ಜಿಕೊಳ್ಳುತ್ತಾರೆ.

ಸೂಗಮ್ಮನಿಗೆ ಚಿತ್ರದ ಮೇಲೆ ಇದ್ದ ಸಿಟ್ಟು ಒಂದೇ. ಉಳ್ಳಾಗಡ್ಡಿ ಬೀದಿಯಲ್ಲಿ ನಡೆದು ಬರುವಾಗ ಎಲ್ಲರೂ ಗೋಡೆಗೆ ಅಂಟಿ ನೋಡುತ್ತಾರಲ್ಲ, ಅದನ್ನು ಅವಳು ಸಹಿಸುತ್ತಿರಲಿಲ್ಲ. ‘ಅಷ್ಟು ಮಂದಿ ಅದಾರ, ಒಬ್ಬರಾದ್ರೂ ನಡುವ ಹೋಗಬಾರದೇನು?’ ಎಂದು ಕಿಂಡಿಗೆ ಬಾಯಿಟ್ಟು ಬೈಯುತ್ತಿದ್ದಳು. ಬರೀ ಬಾಯಿಮಾತಿನವಳೂ ಅಲ್ಲ. ಗಣಿಯಲ್ಲಿ ಒಮ್ಮೆ ಲಾರಿ ಡ್ರೈವರನೊಬ್ಬ ಕೂಲಿಯ ಮುದುಕನಿಗೆ ಬೆಲ್ಟಿನಿಂದ ಹೊಡೆಯುತ್ತಿದ್ದಾಗ ಇವಳು ಹೋಗಿ ನಡುವೆ ನಿಂತಳು. ಬೆಲ್ಟಿನ ಬಕ್ಕಲು ತಾಗಿ ಗಲ್ಲದ ಮೇಲೆ ಗಾಯವಾಯಿತು, ಜಾಗ ಬಿಡಲಿಲ್ಲ. ಆ ಕಲೆ ಕಡೆತನಕ ಇತ್ತು. ಧೂಳು ಎದೆಗೆ ಕೂತು ಕೆಮ್ಮಿ ಕೆಮ್ಮಿ ಹನ್ನೊಂದು ವರ್ಷದ ಹಿಂದೆ ತೀರಿಕೊಂಡಳು. ಮೂರನೇ ದಿನ ನಾನು ಒಂದನೇ ರೀಲಿನಿಂದ ಹುಡುಕುತ್ತ ಬಂದೆ. ಐದನೆಯದರಲ್ಲಿ ಸಿಕ್ಕಳು.

ಆದರೆ ಅದೃಷ್ಟ ನೋಡಿ, ಅವಳು ನಿಂತದ್ದು ರೀಲಿನ ಕಟ್ಟಕಡೆಗೆ, ಬಾವಿಯ ಬಳಿ. ಬೀದಿಯ ಕೊಲೆಯೆಲ್ಲ ಮುಗಿದು, ಪಿಸ್ತೂಲಿನಲ್ಲಿ ಒಂದೇ ಗುಂಡು ಉಳಿಸಿಕೊಂಡು, ಉಳ್ಳಾಗಡ್ಡಿ ಇಗರ್ಜಿಯ ಗೇಟಿನ ಕಡೆ ನಡೆಯುತ್ತಾನೆ. ಗೇಟಿನ ಆಚೆ ಆರನೇ ರೀಲು, ಅಲ್ಲಿ ಊರಿನ ಮುನ್ನೂರು ಜನ ನೆರಳಿನಲ್ಲಿ ಕೂತಿದ್ದಾರೆ. ಅವರ ಕೈಗೆ ಆಯುಧ ಬರುವ ಮೊದಲು ಅವನು ಒಳಗೆ ಹೊಕ್ಕರೆ ಮುಗಿಯಿತು, ಅಲ್ಲಿ ಅವನಿಗೆ ತುಂಬಿಕೊಳ್ಳಲು ಗುಂಡಿನ ಪೆಟ್ಟಿಗೆಯೇ ಇದೆ. ಆಗ ಹೀರೋ ಅಡ್ಡ ಬಂದು ನಿಲ್ಲುತ್ತಾನೆ. ಪಿಸ್ತೂಲು ಎಳೆಯುತ್ತಾನೆ. ಉಳ್ಳಾಗಡ್ಡಿ ಬೀಳುತ್ತಾನೆ. ಸದ್ದಿಗೆ ಬಾವಿಯ ಬಳಿ ಕೊಡ ಹಿಡಿದ ಹೆಂಗಸೊಬ್ಬಳು ತಲೆ ಎತ್ತಿ ನೋಡುತ್ತಾಳೆ. ಒಂಬತ್ತು ಸೆಕೆಂಡು. ಆ ಒಂಬತ್ತು ಸೆಕೆಂಡಿನಲ್ಲಿ ಸೂಗಮ್ಮ ಇದ್ದಳು. ಅವಳಿಗೆ ಗುಂಡು ತಾಗುತ್ತಿರಲಿಲ್ಲ, ಮುಖ ಮಾಸುತ್ತಿರಲಿಲ್ಲ. ದಿನಕ್ಕೆ ಇಪ್ಪತ್ತೇಳು ಸೆಕೆಂಡು ನನ್ನ ಸಂಸಾರ ನಡೆಯುತ್ತಿತ್ತು.

ಇನ್ನು ಹೀರೋನ ಕಥೆ. ಫಿಲಂ ಎಂದರೆ ಸವೆಯುವ ವಸ್ತು. ಅಂಚಿನ ತೂತುಗಳು ಹರಿಯುತ್ತವೆ, ಹರಿದ ಕಡೆ ಬ್ಲೇಡಿನಿಂದ ಕೊಯ್ದು, ತುದಿ ಕೆರೆದು, ಅಂಟು ಹಚ್ಚಿ ಕೂಡಿಸಬೇಕು. ಪ್ರತಿ ಸಲವೂ ಅಷ್ಟು ಚಿತ್ರ ಹೋಗುತ್ತದೆ. ನಮ್ಮವರು ನಿಂತ ತುಂಡು ಕೊಯ್ದರೆ ಅವರು ಮತ್ತೆಲ್ಲೂ ಕಾಣುವುದಿಲ್ಲ. ಹಳೆಯ ಆಪರೇಟರ್ ತಿಳಿಯದೆ ಒಮ್ಮೆ ಹಾಗೆ ಮಾಡಿ ಆ ಮನೆಯವರಿಂದ ಏಟು ತಿಂದಿದ್ದ. ಅಂದಿನಿಂದ ಊರಿನ ನಿಯಮವೆಂದರೆ, ಕೊಯ್ಯುವುದಾದರೆ ಹೀರೋನನ್ನು ಕೊಯ್ಯಿ. ಅವನೇನು ನಮ್ಮ ನೆಂಟನೇ? ತೂತು ಹರಿದರೆ ಇನ್ನೊಂದು ಉಪಾಯವಿದೆ. ಬೇರೊಂದು ತುಂಡಿನ ಅಂಚನ್ನು ಸೀಳಿ ತಂದು ಇದಕ್ಕೆ ತೇಪೆ ಹಾಕಬಹುದು. ಆದರೆ ಹೊಸ ಫಿಲಮಿನ ಅಂಚು ಹೊಂದುವುದಿಲ್ಲ, ಹಳೆಯದು ಕುಗ್ಗಿರುತ್ತದೆ. ಅದೇ ಚಿತ್ರದ, ಅದೇ ವಯಸ್ಸಿನ ಅಂಚೇ ಬೇಕು. ಖಾಲಿ ಮರುಭೂಮಿಯ ಉದ್ದುದ್ದ ತುಂಡುಗಳೆಲ್ಲ ಹೀಗೆ ಅಂಚು ಕೊಟ್ಟು ಕೊಟ್ಟು ಮುಗಿದವು. ಆಮೇಲೆ ಹೀರೋನ ಸರದಿ. ಮೊದಲು ಅವನ ಕುದುರೆ ಸವಾರಿ ಹೋಯಿತು, ಆಮೇಲೆ ಚುಟ್ಟಾ ಸೇದುವುದು, ಸ್ನಾನದ ದೃಶ್ಯ, ಹೆಣ್ಣಿನ ಜೊತೆ ಮಾತು. ಪರ ಊರಿನ ಬೀಗರೊಬ್ಬರು ಪೂರ್ತಿ ಚಿತ್ರ ನೋಡಿ ಹೊರಗೆ ಬಂದು, ‘ಎಲ್ಲ ಚೊಲೊ ಅದರಿ, ಇದರಾಗ ಹೀರೋ ಯಾರು?’ ಎಂದು ಕೇಳಿದ್ದರು.

ನಾವು ನಕ್ಕೆವು. ನಗಬಾರದಿತ್ತು. ನಾಲ್ಕನೇ ರೀಲಿನಲ್ಲಿ ಅವನು ಕೊಲ್ಲಬೇಕಿದ್ದ ದರೋಡೆಕೋರರು ಅವನಿಲ್ಲದೆ ಬದುಕಿ ಉಳಿದು, ಐದನೆಯದಕ್ಕೂ ಬರತೊಡಗಿದರು. ಬೀದಿಯಲ್ಲಿ ಬೀಳುತ್ತಿದ್ದವರು ಮೊದಲು ಏಳು ಜನ, ಆಮೇಲೆ ಹನ್ನೆರಡು, ಆಮೇಲೆ ಹತ್ತೊಂಬತ್ತು. ಕಾಪಾಡುವವನನ್ನು ಕೊಯ್ದು ನಮ್ಮವರಿಗೆ ತೇಪೆ ಹಾಕುತ್ತ ಬಂದಿದ್ದೆವು ಎಂಬುದು ತಲೆಗೆ ಹೊಳೆಯಲು ಇಷ್ಟು ವರ್ಷ ಹಿಡಿಯಿತು. ಲಾಲೇಸಾಬರು ಊರನ್ನೆಲ್ಲ ಟಾಕೀಸಿನಲ್ಲಿ ಕೂಡಿಸಿದರು. ‘ಇನ್ನ ಮ್ಯಾಲ ಹೀರೋ ಗುಂಡು ಹೊಡಿಯೂ ತುಂಡಿಗೆ ಬ್ಲೇಡು ಹಚ್ಚಬ್ಯಾಡ್ರಿ. ಹರದರ ನಮ್ಮವರ್ನ ಕೊಯ್ಯೂದು. ಮನ್ಯಾಗಿನವ್ರಿಗೆ ಹೇಳಿ, ಅವರ ಎದುರಿಗೇ ಕೊಯ್ಯೂದು. ಎಲ್ಲಾರೂ ಒಪ್ಪೀರೇನು?’ ಎಂದರು. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ.

ಮೊದಲ ಸರದಿ ಶಂಕ್ರೆಮ್ಮನದಾಯಿತು. ಅವಳು ಟಾಕೀಸಿನ ಎದುರು ಮಿರ್ಚಿ ಭಜಿ ಕರಿಯುವವಳು, ನನಗಿಂತ ಏಳೆಂಟು ವರ್ಷ ದೊಡ್ಡವಳು. ಒಬ್ಬಳೇ ಮಗಳು ಸಾಬಮ್ಮ, ಹತ್ತೊಂಬತ್ತರ ಹುಡುಗಿ, ಗಣಿಯಲ್ಲಿ ಕಲ್ಲು ಜಾರಿ ಮೈಮೇಲೆ ಬಿದ್ದು ಸತ್ತಳು. ನಾಲ್ಕನೇ ರೀಲಿನಲ್ಲಿ ಕುದುರೆ ಲಾಯದ ಬಾಗಿಲಲ್ಲಿ ಹುಲ್ಲಿನ ಹೊರೆ ಹೊತ್ತು ನಿಂತಿದ್ದಳು. ಹೀರೋ ಅದೇ ಲಾಯದ ಮರೆಯಿಂದ ಒಬ್ಬನನ್ನು ಹೊಡೆಯುತ್ತಾನೆ. ಅವನ ತುಂಡು, ಇವಳ ತುಂಡು ಕೂಡುವ ಕಡೆಯೇ ಅಂಚು ಪುಡಿಯಾಗಿತ್ತು. ನಾನು ಭಜಿ ಅಂಗಡಿಯ ಮುಂದೆ ಹೋಗಿ ನಿಂತೆ. ಅವಳೇ ನನ್ನ ಮುಖ ನೋಡಿ, ಭಜಿ ಎತ್ತುವ ಜಾರಿಯನ್ನು ಎಣ್ಣೆಯಿಂದ ತೆಗೆದು ಪಕ್ಕಕ್ಕಿಟ್ಟು, ಒಲೆಗೆ ನೀರು ಹಾಕಿ, ಹಿಂದೆ ಬಂದಳು.

ಕೋಣೆಯಲ್ಲಿ ಸೂಗಮ್ಮನ ಸ್ಟೂಲಿನ ಮೇಲೆ ಕೂತಳು. ನಾನು ಆ ತುಂಡನ್ನು ಬಲ್ಬಿನ ಮುಂದೆ ಹಿಡಿದು ಅವಳ ಕೈಗೆ ಕೊಟ್ಟೆ. ‘ಇಷ್ಟ ಅದಾಳೇನು?’ ಎಂದು ಕೇಳಿದಳು. ‘ಇಷ್ಟೇ ಅಕ್ಕಾ. ಎರಡೂವರೆ ಸೆಕೆಂಡು’ ಎಂದೆ. ‘ನಾ ಭಾಳ ಹೊತ್ತು ಅಂದ್ಕೊಂಡಿದ್ದೆ’ ಎಂದಳು. ತುಂಡನ್ನು ಕಣ್ಣಿನ ಹತ್ತಿರ ತಂದು ಒಂದೊಂದೇ ಚಿತ್ರವನ್ನು ಬೆರಳಿನಿಂದ ಸರಿಸುತ್ತ ಕಡೆತನಕ ನೋಡಿದಳು. ಎಣ್ಣೆಯ ಬೆರಳು, ಗುರುತು ಮೂಡುತ್ತಿತ್ತು, ನಾನು ಬೇಡವೆನ್ನಲಿಲ್ಲ. ಕೆಳಗೆ ಜನ ಆಟ ಸುರುವಾಗಲಿಲ್ಲವೆಂದು ಗಲಾಟೆ ಮಾಡುತ್ತಿದ್ದರು. ‘ಉಳಿದವರ ಮಕ್ಕಳೂ ಮಕ್ಕಳ ಅಲ್ಲೇನು. ಕೊಯ್ಯಿ’ ಎಂದಳು. ಕೊಯ್ದೆ. ಕೊಯ್ದ ತುಂಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಾಗಿಲ ತನಕ ಹೋದವಳು ತಿರುಗಿ ನಿಂತಳು.

‘ತಮ್ಮಾ, ನಿಂದೂ ಒಂದಿನ ಬರ್ತದ. ಬಂದಾಗ ನನ್ನ ಕರಿ. ಒಬ್ಬಾಂವ ಕೊಯ್ಕೋತ ಕುಂದರಬ್ಯಾಡ. ನಾ ಬಂದು ಬಾಜೂಕ ಕುಂದರ್ತೀನಿ.’

ಎರಡು ದಿನ ಬಿಟ್ಟು ಆ ತುಂಡನ್ನು ತಂದು ತೋರಿಸಿದಳು. ಅದರಲ್ಲಿ ಲಾಯದ ಬಾಗಿಲು ಮಾತ್ರ ಇತ್ತು. ಹುಡುಗಿಯೂ ಇರಲಿಲ್ಲ, ಹುಲ್ಲಿನ ಹೊರೆಯೂ ಇರಲಿಲ್ಲ. ಶಂಕ್ರೆಮ್ಮ ಅಳಲಿಲ್ಲ, ಭಜಿ ಕರಿಯಲು ಹೋದಳು. ಆದರೆ ಪ್ರತಿ ಮ್ಯಾಟಿನಿಗೂ ಬಂದು ಕೂರುವುದನ್ನು ಬಿಡಲಿಲ್ಲ. ನಾಲ್ಕನೇ ರೀಲಿನಲ್ಲಿ ಆ ಎರಡು ತುಂಡು ಕೂಡುವ ಕಡೆ ಪರದೆಯ ಮೇಲೆ ಚಿತ್ರ ಸ್ವಲ್ಪ ಹಾರುತ್ತದೆ. ಆ ಹಾರುವುದನ್ನು ನೋಡಲು ಬರುತ್ತಿದ್ದಳು.

ನನ್ನ ಸರದಿ ಎಂಟು ತಿಂಗಳಿಗೆ ಬಂತು. ಬೆಳಗಿನ ಆಟ ಮುಗಿದು ರೀಲು ಸುತ್ತುತ್ತಿದ್ದಾಗ ಬೆರಳಿಗೆ ಚುಚ್ಚಿತು. ಐದನೆಯದರ ತುದಿ. ಬಿಡಿಸಿ ನೋಡಿದರೆ ಸೂಗಮ್ಮನ ಒಂಬತ್ತು ಸೆಕೆಂಡಿನ ಉದ್ದಕ್ಕೂ ಅಂಚು ಒಣ ಎಲೆಯಂತೆ ಬಿರಿದಿತ್ತು. ಮುಂದಿನ ಆಟಕ್ಕೆ ಹಾಕಿದರೆ ಯಂತ್ರದ ಹಲ್ಲಿಗೆ ಸಿಕ್ಕು ಚೂರಾಗುತ್ತದೆ, ನಿಂತ ಕಡೆ ದೀಪದ ಕಾವಿಗೆ ಸುಟ್ಟೂ ಹೋಗುತ್ತದೆ. ನಿಯಮದ ಪ್ರಕಾರ ನಾನು ಅದನ್ನು ಕೊಯ್ದು ಎಸೆಯಬೇಕು. ಕಿಟಕಿಯಿಂದ ಕೆಳಗೆ ನೋಡಿದೆ. ಶಂಕ್ರೆಮ್ಮ ಮೆಣಸಿನಕಾಯಿ ಸೀಳುತ್ತ ಕೂತಿದ್ದಳು. ಒಂದು ಕೂಗು ಹಾಕಿದರೆ ಬರುತ್ತಿದ್ದಳು.

ನಾನು ಬಾಗಿಲ ಚಿಲಕ ಹಾಕಿದೆ.

ಅವಳ ತುಂಡಿಗಿಂತ ಸ್ವಲ್ಪವೇ ಮೊದಲು ಹೀರೋನ ತುಂಡಿತ್ತು. ಅಡ್ಡ ಬಂದು ನಿಲ್ಲುವುದು, ಎಳೆಯುವುದು. ಐದನೇ ರೀಲಿನಲ್ಲಿ ಅವನದು ಉಳಿದದ್ದೇ ಅಷ್ಟು, ಹತ್ತು ಸೆಕೆಂಡು. ಅದರ ಅಂಚು ಗಟ್ಟಿಯಾಗಿತ್ತು, ಅದೇ ವಯಸ್ಸಿನದು. ಸೀಳಿದರೆ ಸೂಗಮ್ಮನಿಗೆ ಎರಡೂ ಬದಿಗೆ ತೇಪೆ ಸರಿಯಾಗಿ ಹೊಂದುತ್ತಿತ್ತು. ನನಗೆ ನಾನೇ ವಕೀಲನಾದೆ. ಉಳ್ಳಾಗಡ್ಡಿ ಬೀಳುವ ತುಂಡು ಬೇರೆಯೇ ಇದೆಯಲ್ಲ, ಅದನ್ನು ನಾನು ಮುಟ್ಟುವುದಿಲ್ಲವಲ್ಲ. ಅವನು ನಡೆದು ಬರುತ್ತಾನೆ, ಅದರ ಬೆನ್ನಿಗೇ ಬೀಳುತ್ತಾನೆ. ಹೊಡೆದವನು ಕಾಣದಿದ್ದರೇನು, ಬೀಳುವುದಂತೂ ಬೀಳುತ್ತಾನೆ ಎಂದುಕೊಂಡೆ. ಒಂದು ತುಂಡಿನ ಮುಂದೆ ಇನ್ನೊಂದು ಅಂಟಿಸಿದರೆ ಆಯಿತು ಎಂದು ತಿಳಿಯುವುದು ನನ್ನಂತೆ ಬದುಕಿಡೀ ಅಂಟಿಸುತ್ತ ಕೂತವನು ಮಾತ್ರ ಮಾಡುವ ತಪ್ಪು. ಹೀರೋನನ್ನು ಕೊಯ್ದೆ. ಅಂಚು ಸೀಳಿದೆ. ಒಂದು ಮಾತು ಹೇಳಲೇಬೇಕು. ಇಷ್ಟು ನಾಜೂಕಾದ ಕೆಲಸವನ್ನು ನಾನು ಹಿಂದೆಂದೂ ಮಾಡಿರಲಿಲ್ಲ. ಅಂಚಿಲ್ಲದ ಹೀರೋ ಮೇಜಿನ ಕೆಳಗಿನ ಬುಟ್ಟಿಯಲ್ಲಿ ಸುರುಳಿ ಸುತ್ತಿಕೊಂಡು ಬಿದ್ದ. ಲಾಲೇಸಾಬರು ಕೆಳಗಿನಿಂದ, ‘ಮೌನೇಶಾ, ಏನಾತೋ?’ ಎಂದು ಕೂಗಿದರು. ‘ಏನಿಲ್ರಿ, ಸಣ್ಣ ಹರಕು’ ಎಂದೆ.

ಮ್ಯಾಟಿನಿ ಸುರುವಾಯಿತು. ಆ ದಿನ ಸುಮಾರು ಜನ ಇದ್ದರು. ಶಂಕ್ರೆಮ್ಮ ಎಂದಿನ ಜಾಗದಲ್ಲಿ, ಕಂಬದ ಪಕ್ಕ. ನಾಲ್ಕನೇ ರೀಲಿನಲ್ಲಿ ಚಿತ್ರ ಹಾರಿತು. ಐದನೆಯದು ಬಂತು. ಕುದುರೆಗಳು ನುಗ್ಗಿದವು, ನಮ್ಮವರು ಹತ್ತೊಂಬತ್ತು ಜನ ಬಿದ್ದರು, ಕೆಳಗೆ ಕೂತವರು ಎಂದಿನಂತೆ ಒಬ್ಬೊಬ್ಬರೇ ಬಿಕ್ಕಿದರು. ಗಾಳಿ. ಧೂಳು. ಉಳ್ಳಾಗಡ್ಡಿ ಒಬ್ಬನೇ ನಡೆದು ಬಂದ. ಜೇಬಿಗೆ ಕೈ ಹಾಕಿ ಉಳ್ಳಾಗಡ್ಡಿ ತೆಗೆದು ಕಚ್ಚಿದ. ಅವನು ಈಗ ಬೀಳಬೇಕು. ನಾನು ಕಿಂಡಿಗೆ ಹಣೆ ಒತ್ತಿ ನಿಂತಿದ್ದೆ.

ಬೀಳಲಿಲ್ಲ. ನಡೆದೇ ಇದ್ದ. ಬೀಳುವ ತುಂಡು ಬರಬೇಕಿದ್ದ ಕಡೆ ಅವನ ಬೂಟು, ಇನ್ನೊಂದು ಹೆಜ್ಜೆ, ಮತ್ತೊಂದು ಹೆಜ್ಜೆ. ನಾನು ಅಂಟಿಸಿದ್ದು ಅದಲ್ಲ, ಆದರೂ ಬರುತ್ತಿದ್ದದ್ದು ಅದೇ. ಕೆಳಗೆ ಯಾರೋ, ‘ಎಲ್ಲಿ ಹೋದ್ನೋ ಅಂವ?’ ಎಂದರು. ಇನ್ನೊಬ್ಬರು ಎದ್ದು ನಿಂತರು. ಇಗರ್ಜಿಯ ಗೇಟು ಹತ್ತಿರವಾಯಿತು. ಗೇಟಿನ ಸಂದಿಯಲ್ಲಿ ನೆರಳಿನಲ್ಲಿ ಕೂತ ನಮ್ಮವರ ತಲೆಗಳು ಕಾಣುತ್ತಿದ್ದವು, ಯಾರದೋ ಅಜ್ಜಿ ಎಲೆ ಅಡಿಕೆ ಕುಟ್ಟುತ್ತಿದ್ದಳು. ಆಗ ಇಡೀ ಟಾಕೀಸು ಒಟ್ಟಿಗೆ ಕಿರುಚಿತು.

ಬಾವಿಯ ಬಳಿ ಸೂಗಮ್ಮ ಕೊಡ ಕೆಳಗಿಟ್ಟಳು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಗಣಿಯಲ್ಲಿ ಆ ಡ್ರೈವರನ ಕಡೆ ಹೋಗುವಾಗಲೂ ಹೀಗೆಯೇ ಸಿಕ್ಕಿಸಿದ್ದಳು. ಆಮೇಲೆ ಆತುರವಿಲ್ಲದೆ ನಡೆದು ಬಂದು, ಬೀದಿಯ ನಡುವೆ, ಹೀರೋ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಳು. ಕೈಯಲ್ಲಿ ಏನೂ ಇರಲಿಲ್ಲ.

ಉಳ್ಳಾಗಡ್ಡಿಯೂ ನಿಂತ. ಸಂಗೀತ ಸುರುವಾಯಿತು. ಆ ಶಿಳ್ಳೆ, ಆ ಗಂಟೆ, ಹೀರೋಗೆಂದೇ ಇಟ್ಟದ್ದು, ಅವನನ್ನು ಕೊಯ್ದಾಗಲೇ ಹೋಯಿತು ಎಂದುಕೊಂಡಿದ್ದೆವು. ಅವನ ಮುಖ ಬಂತು. ಅವಳ ಮುಖ ಬಂತು. ಇಷ್ಟು ವರ್ಷದಲ್ಲಿ ಆ ಚಿತ್ರ ನಮ್ಮವರಲ್ಲಿ ಒಬ್ಬರ ಮುಖವನ್ನೂ ಹತ್ತಿರದಿಂದ ತೋರಿಸಿರಲಿಲ್ಲ. ದೂರದಲ್ಲಿ, ಗುಂಪಿನಲ್ಲಿ, ಗೋಡೆಯ ಬುಡದಲ್ಲಿ ಕಂಡದ್ದಷ್ಟೇ. ಈಗ ಪರದೆಯ ಈ ತುದಿಯಿಂದ ಆ ತುದಿಗೆ ಸೂಗಮ್ಮನ ಮುಖ. ಗಲ್ಲದ ಮೇಲಿನ ಕಲೆ. ಅವನ ಕಣ್ಣು. ಅವಳ ಕಣ್ಣು. ಮತ್ತೆ ಅವಳ ಕಣ್ಣೇ. ರೆಪ್ಪೆಯ ಮೇಲೆ ಕೂತ ಧೂಳು ಕೂಡ ಕಾಣುತ್ತಿತ್ತು. ನಲವತ್ತು ಸೆಕೆಂಡು. ಅವಳು ಉಳ್ಳಾಗಡ್ಡಿಯನ್ನು ನೋಡುತ್ತಿರಲಿಲ್ಲ. ಅವನ ತಲೆಯ ಮೇಲಿನಿಂದ, ಜನರ ತಲೆಯ ಮೇಲಿನಿಂದ, ಬೆಳಕು ಬರುವ ಕಿಂಡಿಯನ್ನು ನೋಡುತ್ತಿದ್ದಳು. ನನ್ನನ್ನು ನೋಡುತ್ತಿದ್ದಳು. ಸಿಟ್ಟಿತ್ತೇ ಎಂದು ಕೇಳಬೇಡಿ, ಹೇಳಲಾರೆ.

ಒಂದು ಸದ್ದು. ಅವನ ಕಡೆಯ ಗುಂಡು. ಅವಳು ಮೊದಲು ಮೊಣಕಾಲೂರಿ, ಆಮೇಲೆ ಮಗ್ಗುಲಾಗಿ ಬಿದ್ದಳು. ಅವನು ಗೇಟಿನ ಕಡೆ ತಿರುಗಿ ಮತ್ತೆ ಟ್ರಿಗರ್ ಎಳೆದ, ಖಾಲಿ ಪಿಸ್ತೂಲು ಟಿಕ್ ಎಂದಿತು. ಗೇಟು ತೆರೆಯಿತು. ಒಳಗಿದ್ದ ಮುನ್ನೂರು ಜನ, ನೆರಳು ಬಿಟ್ಟು ಎಂದೂ ಏಳದವರು, ಕೋಲು ಕಲ್ಲು ಹಿಡಿದು ಹೊರಗೆ ಬಂದರು. ಆಮೇಲೆ ನಾನು ಅಂಟಿಸಿದ್ದ ತುಂಡು ಬಂತು. ಉಳ್ಳಾಗಡ್ಡಿ ಬಿದ್ದ.

ಕೆಳಗೆ ಜನ ಕುರ್ಚಿಯ ಮೇಲೆ ಹತ್ತಿ ಶಿಳ್ಳೆ ಹೊಡೆದರು. ಅಳುತ್ತ ಶಿಳ್ಳೆ ಹೊಡೆಯುವ ಜನರನ್ನು ನಾನು ಅವತ್ತೇ ಮೊದಲು ನೋಡಿದ್ದು. ಲಾಲೇಸಾಬರು ಈ ವಯಸ್ಸಿನಲ್ಲಿ ಮೆಟ್ಟಿಲು ಓಡಿ ಹತ್ತಿ ಬಂದು ನನ್ನನ್ನು ಅಪ್ಪಿಕೊಂಡರು. ‘ನಿನ್ನ ಹೇಣ್ತಿ ಊರು ಉಳಿಸಿದ್ಲೋ ಮೌನೇಶಾ! ನಮ್ಮ ಅಬ್ಬಾ ಆರನೇದ್ರಾಗ ಅದಾರ. ಆಕಿ ಇಲ್ಲಂದ್ರ ಏನ್ ಗತಿ? ಆ ಹೀರೋ ಎಲ್ಲಿ ಓಡಿಹೋದ್ನೋ ಹೇಡಿ!’ ಎಂದರು. ನಾನು ಹೂಂ ಎಂದೆ. ಅವರು ಕೆಳಗಿಳಿದ ಮೇಲೆ ಶಂಕ್ರೆಮ್ಮ ಬಂದಳು. ಮೇಜಿನ ಸುತ್ತ ಒಮ್ಮೆ ನೋಡಿ, ಬಗ್ಗಿ, ಬುಟ್ಟಿಯಿಂದ ಸುರುಳಿಯನ್ನು ಎತ್ತಿದಳು. ಬಲ್ಬಿಗೆ ಹಿಡಿದಳು. ಎರಡೂ ಅಂಚು ಸೀಳಿದ ಹೀರೋ, ಅಡ್ಡ ಬಂದು ನಿಂತವನು.

‘ಕರಿ ಅಂದಿದ್ದೆ ತಮ್ಮಾ’ ಎಂದಳು.

ನಾನು ತಲೆ ತಗ್ಗಿಸಿದೆ. ಕಾಲಿಗೆ ಬೀಳಬೇಕೆನಿಸಿತು. ಬೀಳಲಿಲ್ಲ. ‘ಊರಿಗೆ ಹೇಳ್ತೀಯೇನಕ್ಕಾ?’ ಎಂದು ಕೇಳಿದೆ. ಅಂಥ ಹೊತ್ತಿನಲ್ಲೂ ನನ್ನ ಬಾಯಲ್ಲಿ ಬಂದದ್ದು ಅದೇ ಮಾತು.

‘ಹೇಳಿದ್ರ ನಿನ್ನ ಹೊಡೀತಾರ, ಕೆಲಸದಿಂದ ಬಿಡಸ್ತಾರ. ಆಮ್ಯಾಲ ನಿನಗ ನೋಡೂದು ತಪ್ಪತದ. ನಾ ಯಾರಿಗೂ ಹೇಳಂಗಿಲ್ಲ. ದಿನಾ ನೋಡು.’

ಅದೇ ನಡೆಯುತ್ತಿದೆ. ದಿನಕ್ಕೆ ಮೂರು ಆಟ, ಮೂರೂ ಹೌಸ್‌ಫುಲ್. ಬರುವುದು ಬಿಟ್ಟಿದ್ದವರೆಲ್ಲ ಮರಳಿ ಬಂದಿದ್ದಾರೆ, ತಮ್ಮವರು ಯಾರೂ ಅದರೊಳಗೆ ಇಲ್ಲದ ಪರ ಊರಿನವರೂ ಟ್ರಾಕ್ಟರ್ ಕಟ್ಟಿಕೊಂಡು ಬರುತ್ತಾರೆ. ಬೀದಿಯಲ್ಲಿ ಹುಡುಗರು ಒಬ್ಬನನ್ನು ಉಳ್ಳಾಗಡ್ಡಿ ಮಾಡಿ, ಒಬ್ಬಳಿಗೆ ಸೆರಗು ಸುತ್ತಿ ಆಡುತ್ತಾರೆ. ಐದನೇ ರೀಲಿನವರ ಮನೆಗೆ ಈಗ ಹೆಣ್ಣು ಕೇಳಿ ಬರುತ್ತಾರೆ. ಸೂಗಮ್ಮ ಬಾವಿಯ ಬಳಿ ತಲೆ ಎತ್ತಿ ನೋಡುವ ಆ ಒಂಬತ್ತು ಸೆಕೆಂಡು, ನಾನು ಎರಡೂ ಬದಿ ತೇಪೆ ಹಾಕಿ ಉಳಿಸಿದ್ದು, ಅಲ್ಲಿ ಈಗ ಕೊಡ ಮಾತ್ರ ಇದೆ. ತೇಪೆ ಗಟ್ಟಿಯಾಗಿದೆ, ಇನ್ನೂ ಇಪ್ಪತ್ತು ವರ್ಷ ಬಂದೀತು.

ಅವಳ ಸೀರೆಯ ಬಣ್ಣ ಹೋದದ್ದು ಎರಡನೇ ತಿಂಗಳಿಗೆ. ಬೇರೆಯವರಿಗೆ ವರ್ಷಗಟ್ಟಲೆ ಹಿಡಿಯುತ್ತಿತ್ತು. ಇವಳು ಇಷ್ಟು ಬೇಗ ಯಾಕೆ ಮಾಸುತ್ತಾಳೋ, ಅಷ್ಟು ಹತ್ತಿರದಿಂದ ನೋಡುವುದಕ್ಕೋ ಏನೋ. ಲಾಲೇಸಾಬರ ಕೈ ಹಿಡಿದು, ದಿನಕ್ಕೆ ಒಂದು ಆಟವನ್ನಾದರೂ ಕಡಿಮೆ ಮಾಡಿರಿ ಎಂದು ಬೇಡಿಕೊಂಡೆ. ‘ಮಂದಿಗೆ ಬೇಕಲ್ಲೋ. ಆಕಿನ್ನ ನೋಡ್ಲಿಕ್ಕೇ ಬರ್ತಾರ’ ಎಂದು ಅವರೂ ಅತ್ತರು, ಆಟ ಕಡಿಮೆ ಮಾಡಲಿಲ್ಲ. ಒಂದು ಮಧ್ಯಾಹ್ನ ಬ್ಲೇಡು ಹಿಡಿದು ಕೂತೆ. ಆ ಬೀದಿಯ ತುಂಡನ್ನು ಕೊಯ್ದರೆ ಅವಳಿಗೆ ಗುಂಡು ತಪ್ಪುತ್ತದೆ, ಅವಳೂ ಇರುವುದಿಲ್ಲ. ಕೊಯ್ದರೆ ಉಳ್ಳಾಗಡ್ಡಿ ಗೇಟು ದಾಟುತ್ತಾನೆ, ಅದಕ್ಕೇ ಕೊಯ್ಯಲಿಲ್ಲ ಎಂದು ಯಾರಾದರೂ ಕೇಳಿದರೆ ಹೇಳುತ್ತೇನೆ. ಅದು ಸುಳ್ಳು. ಮುನ್ನೂರು ಜನರ ನೆನಪು ನನಗೆ ಆ ಹೊತ್ತು ಬರಲೇ ಇಲ್ಲ. ಸತ್ತವಳು ದಿನಕ್ಕೆ ಮೂರು ಸಲ ನನ್ನನ್ನು ನಲವತ್ತು ಸೆಕೆಂಡು ನೋಡುತ್ತಾಳೆ. ಅದನ್ನು ಬಿಡಲು ನನ್ನಿಂದಾಗಲಿಲ್ಲ. ಮೂರು ಸಲ ಅವಳನ್ನು ಕೊಲ್ಲಿಸಿ ಮೂರು ಸಲ ನೋಡಿಸಿಕೊಳ್ಳುತ್ತೇನೆ.

ಇವತ್ತು ಮ್ಯಾಟಿನಿಗೆ ಶಂಕ್ರೆಮ್ಮ ಕೆಳಗೆ ಕೂರಲಿಲ್ಲ. ಮೆಟ್ಟಿಲು ಹತ್ತಿ ಬಂದು, ಸ್ಟೂಲನ್ನು ಕಿಂಡಿಯ ಹತ್ತಿರ ಎಳೆದುಕೊಂಡು, ನನ್ನ ಬಾಜೂಕೆ ಕೂತಳು. ಮೈಯಿಂದ ಭಜಿ ಎಣ್ಣೆಯ ವಾಸನೆ ಬರುತ್ತಿತ್ತು. ನಾಲ್ಕನೆಯದು ಓಡುತ್ತಿತ್ತು. ಲಾಯದ ಹತ್ತಿರ ಚಿತ್ರ ಹಾರಿತು, ಅವಳು ಕಣ್ಣು ಮುಚ್ಚಿ ತೆರೆದಳು.

‘ನಿನ್ನೆ ನೋಡಿದೆ. ಸೂಗಮ್ಮನ ಹುಬ್ಬು ಹೋಗ್ಯಾವ’ ಎಂದಳು.

‘ಕಣ್ಣು ಅದಾವಕ್ಕಾ’ ಎಂದೆ.

‘ಅದಾವ. ಇವತ್ತೊಂದಿನ ಅದಾವ’ ಎಂದಳು. ಮೊಳಕೈಯಿಂದ ನನ್ನ ಮೊಳಕೈಯನ್ನು ತಿವಿದಳು. ‘ಹೊತ್ತಾತು. ಹಾಕು.’

ನಾನು ಐದನೇ ರೀಲನ್ನು ಏರಿಸಿದೆ.